ರೂಟ್ ಕೆನಾಲ್ ಆದ ಹಲ್ಲಿಗೆ ಮತ್ತೆ ಕೀವು
ರೂಟ್ ಕೆನಾಲ್ ಆಗಿರುವ ಮೇಲ್ಗಡೆಯ ದವಡೆ ಹಲ್ಲಿನ ಹತ್ತಿರ ವಸಡಲ್ಲಿ ಕೀವಿನ ಗುಳ್ಳೆ ಬಂದು ಹೋಗುತ್ತಿದೆ ಅಂದರೆ, ಒಂದು ಕೆನಾಲ್ (ಬೇರಿನೊಳಗಿನ ಸಣ್ಣ ನಾಳ) ಕ್ಲೀನ್ ಆಗದೆ ಉಳಿದಿರುವ ಸಾಧ್ಯತೆ ಜಾಸ್ತಿ. ಆ ಹಲ್ಲಲ್ಲಿ ಹೆಚ್ಚಾಗಿ ಇರುವ ನಾಲ್ಕನೆಯ ಕೆನಾಲ್ ಕೂದಲೆಳೆಯಷ್ಟು ಸಣ್ಣದು, ಸುಲಭವಾಗಿ ಕಣ್ತಪ್ಪುತ್ತದೆ. ಹಲ್ಲು ಸೀಳಿದ್ದರೂ ಹೀಗೇ ಆಗುತ್ತದೆ. ಯಾವುದೆಂದು ಪರೀಕ್ಷೆ ಮಾಡದೆ ಹೇಳಲು ಆಗುವುದಿಲ್ಲ.

ಮೊದಲು ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಹತ್ತಿರ ಹೋಗಿ, ಸಿಬಿಸಿಟಿ ಸ್ಕ್ಯಾನ್ (ಹಲ್ಲಿನ 3ಡಿ ಎಕ್ಸ್-ರೇ) ಬೇಕಾ ಅಂತ ಕೇಳಿ. ಬೇರು ಗಟ್ಟಿಯಿದ್ದರೆ ಹಳೆ ಫಿಲ್ಲಿಂಗ್ ಬಿಡಿಸಿ ಮತ್ತೆ ರೂಟ್ ಕೆನಾಲ್ ಮಾಡುತ್ತಾರೆ. ನಾನಾದರೆ ಇದನ್ನೇ ಮೊದಲು ಕೇಳುತ್ತೇನೆ. ಒಳಗೆ ಪೋಸ್ಟ್ (ಹಲ್ಲಿಗೆ ಆಧಾರವಾಗಿ ಬೇರಿನೊಳಗೆ ಕೂರಿಸಿದ ಕಡ್ಡಿ) ಇದ್ದು ತೆಗೆಯಲಾಗದಿದ್ದರೆ, ವಸಡು ಬಿಡಿಸಿ ಬೇರಿನ ತುದಿ ಕತ್ತರಿಸಿ ಮುಚ್ಚುತ್ತಾರೆ. ಬೇರು ಉದ್ದಕ್ಕೆ ಸೀಳಿದ್ದರೆ ಹೆಚ್ಚಾಗಿ ಕೀಳಿಸಲೇಬೇಕು, ಆಮೇಲೆ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಬೇರು) ಅಥವಾ ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಕೃತಕ ಹಲ್ಲು).

ಸುಮ್ನೆ ಆಂಟಿಬಯಾಟಿಕ್ ನುಂಗುತ್ತಾ ದಿನ ದೂಡಬೇಡಿ. ಮುಖ ಊದಿ ಜ್ವರ ಬಂದರೆ ಅವತ್ತೇ ತೋರಿಸಿ.