ಕೆರೆ ದಂಡೆಯಲ್ಲಿ ಒಂದು ರಾತ್ರಿ

ಪ್ರಶ್ನೆ: ಮೇ ತಿಂಗಳಲ್ಲಿ ಇಬ್ಬರು ಮಕ್ಕಳೊಂದಿಗೆ ಶಾಂತಿಸಾಗರ ಕೆರೆಯ ಬಳಿ ಟೆಂಟ್ ಹಾಕುವ ಆಸೆ. ಏನೇನು ಗಮನಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ಮೊದಲು ಸ್ಥಳೀಯರಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ಮೇ ಅಂದರೆ ಸಂಜೆಯ ಗಾಳಿಮಳೆ, ಸಿಡಿಲು; ಟೆಂಟ್ ಹಾರುವುದು ಗೂಟದ ತಪ್ಪಿಗೆ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ, ಹಗ್ಗ ಬಿಗಿಯಾಗಿರಲಿ. ಒಣಗಿ ಬಿರಿದ ಎರೆಮಣ್ಣಿನಲ್ಲಿ ಗಿಡ್ಡ ಗೂಟ ನಿಲ್ಲದು, ಒಂದಡಿಯದ್ದು ಬೇಕು. ನೆರಳೆಂದು ಮರದಡಿ ಹಾಕಬೇಡಿ: ಕೊಂಬೆ ಮುರಿಯುತ್ತದೆ, ಸಿಡಿಲಿನ ಭಯವೂ ಇದೆ. ಗುಡುಗು ಕೇಳಿದರೆ ಟೆಂಟ್ ಬಿಟ್ಟು ಕಾರಿನೊಳಗೆ ಕೂರಿ. ನಾಲ್ವರಿಗೆ 20 ಲೀಟರ್‌ನ ಒಂದು ಕ್ಯಾನ್ ಕುಡಿಯುವ ನೀರು ಸಾಕು. ಒಲೆಯ ಗೋಜೇಕೆ, ನಮ್ಮ ಮಂಡಕ್ಕಿ ಇದೆಯಲ್ಲ! ಕೆರೆಯಂಚಿನ ಕೆಸರು ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಮಕ್ಕಳನ್ನು ನೀರಿಗೆ ಬಿಡಬೇಡಿ.