ಹಬ್ಬದ ಉಡುಗೊರೆ: ಮೊದಲು ಅಳತೆ ಕೇಳಿ, ಆಮೇಲೆ ಅಂಗಡಿಗೆ ಹೋಗಿ

ಪ್ರಶ್ನೆ: ದೀಪಾವಳಿಗೆ ನಮ್ಮ ಬೀದಿಯ ಏಳೆಂಟು ಮನೆಯವರು ಸೇರಿ ಹತ್ತಿರದ ಅನಾಥಾಲಯದ ಮಕ್ಕಳಿಗೆ ಉಡುಗೊರೆ ಕೊಡಬೇಕು ಅಂತಿದ್ದೇವೆ. 6ರಿಂದ 17 ವರ್ಷದ 30 ಮಕ್ಕಳಿದ್ದಾರೆ. 12,000 ರೂಪಾಯಿ ಕೂಡಿದೆ. ಎಲ್ಲರಿಗೂ ಒಂದೇ ತರಹದ ಬಟ್ಟೆ ಕೊಡಿಸಬಹುದಾ? ಮನೆಯಲ್ಲಿರುವ ಹಳೆ ಆಟಿಕೆ ಕೊಟ್ಟರೆ ತಪ್ಪಾ?
– ಓದುಗರೊಬ್ಬರು, ಮೈಸೂರು

ಉತ್ತರ: ಒಬ್ಬೊಬ್ಬರಿಗೆ 400 ರೂಪಾಯಿ ಆಯ್ತು. ಅಷ್ಟರಲ್ಲೇ ಒಳ್ಳೆಯದನ್ನು ಕೊಡಬಹುದು. ಆದರೆ ದಯವಿಟ್ಟು ಒಂದೇ ತರಹದ ಬಟ್ಟೆ ಬೇಡ.

ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಹಬ್ಬಕ್ಕೆ ಹುಡುಗರಿಗೆಲ್ಲ ಒಂದೇ ನೀಲಿ ಚೌಕಳಿ ಅಂಗಿ ಬಂತು. ಚಿಕ್ಕವರು ಕುಣಿದಾಡಿದರು. ಹದಿನೈದರ ಹುಡುಗನೊಬ್ಬ ಮಾತ್ರ ಅದನ್ನು ಮಡಿಸಿ ಹಾಸಿಗೆ ಕೆಳಗಿಟ್ಟ. ಯಾಕೋ ಅಂದೆ. "ಇದನ್ನ ಹಾಕ್ಕೊಂಡು ಹೊರಗೆ ಹೋದ್ರೆ ಆಶ್ರಮದ ಹುಡುಗ ಅಂತ ಎಲ್ಲರಿಗೂ ಗೊತ್ತಾಗುತ್ತೆ ಮೇಡಂ" ಅಂದ. ಆ ಮಾತು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಮೊದಲು ವಾರ್ಡನ್‌ಗೆ ಫೋನ್ ಮಾಡಿ. ಹೆಸರು ಬೇಡ, ವಯಸ್ಸು, ಬಟ್ಟೆ ಮತ್ತು ಚಪ್ಪಲಿಯ ಅಳತೆ, ಇಷ್ಟದ ಬಣ್ಣ ಸಾಕು. ಪ್ರತಿ ಮಗುವನ್ನೂ "ನಿಂಗೇನು ಬೇಕು" ಅಂತ ಕೇಳಿ ಬರೆದುಕೊಡಿ ಅನ್ನಿ. ದೊಡ್ಡ ಮಕ್ಕಳನ್ನು ಮರೆಯಬೇಡಿ. ಗೊಂಬೆ, ಸಿಹಿ ಎಲ್ಲ ಚಿಕ್ಕವರಿಗೇ ಬರುತ್ತದೆ, ಹದಿನಾಲ್ಕು ದಾಟಿದವರು ಹಿಂದೆ ನಿಂತು ನೋಡುತ್ತಾರೆ. ಅವರಿಗೆ ಶಟಲ್ ರ‍್ಯಾಕೆಟ್, ಕೈಗಡಿಯಾರ, ಒಳ್ಳೆ ಪೆನ್ನು, ಅಳತೆಗೆ ಸರಿಯಾದ ಹೊಸ ಒಳಉಡುಪು, ಬೀಗ ಹಾಕುವ ಪುಟ್ಟ ಪೆಟ್ಟಿಗೆ. ಹಾಲ್‌ನಲ್ಲಿ ಇಪ್ಪತ್ತು ಜನರ ಜೊತೆ ಮಲಗುವ ಹುಡುಗಿಗೆ ತನ್ನದೇ ಒಂದು ಬೀಗದ ಕೈ ಅಂದರೆ ಎಷ್ಟು ದೊಡ್ಡದು! ಒಬ್ಬಳು ಅದನ್ನು ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೇ ಹಾಕಿಕೊಂಡಿದ್ದಳು.

ಹಳೆ ಆಟಿಕೆ ಕೊಡಬಹುದು, ಆದರೆ ನಿಮ್ಮ ಅಕ್ಕನ ಮಗುವಿಗೆ ಕೊಡುವಷ್ಟು ಚೆನ್ನಾಗಿದ್ದರೆ ಮಾತ್ರ. ಕೇರಂ ಬೋರ್ಡಾದರೆ ಕಾಯಿ ಎಣಿಸಿ. ಹೊಸ ಆಟಿಕೆಯಲ್ಲಿ ಐಎಸ್ಐ ಗುರುತು ನೋಡಿ. 2021ರ ಜನವರಿಯಿಂದ ಅದು ಕಡ್ಡಾಯ. ಬಟನ್ ಬ್ಯಾಟರಿ ಇದ್ದರೆ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನುಂಗಿದರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ.

ಕೊಡುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಬೇಡಿ, ಸ್ಟೇಟಸ್‌ಗೆ ಹಾಕಲೇಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

ಹಬ್ಬಕ್ಕೆ ಒಂದು ವಾರ ಮುಂಚೆಯೇ ತಲುಪಿಸಿ. ಬಿಲ್ ಜೋಪಾನ, ಅಳತೆ ಹೆಚ್ಚುಕಮ್ಮಿಯಾದರೆ ಬದಲಾಯಿಸಬೇಕಲ್ವಾ.