ದೇವರನ್ನು ನಂಬುವವರು ಸೈತಾನನನ್ನೂ ನಿಜವಾಗಿ ನಂಬ್ತಾರಾ? ಇಲ್ಲಾ ಅದು ಬರೀ ನೆಪವಾ?

ನಿಮ್ಮ ರೂಮ್‌ಮೇಟ್ ಏನೇ ಎಡವಟ್ಟು ಮಾಡಿದರೂ "ಸೈತಾನ ಮಾಡಿಸಿದ" ಅಂತಾನೆ, ಇದು ನಂಬಿಕೆಯೋ ಜಾರಿಕೊಳ್ಳುವ ದಾರಿಯೋ ಅಂತ ಕೇಳಿದ್ದೀರಿ. ನಾನು ದಾವಣಗೆರೆಯ ಕ್ಯಾಥೊಲಿಕ್. ಅಕ್ಕಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಗೆ ಕೆಲಸ ಮಾಡುವವರಲ್ಲಿ ಮುಸ್ಲಿಮರೂ ಇದ್ದಾರೆ, ಲಿಂಗಾಯತರೂ ಇದ್ದಾರೆ. ಊಟದ ಡಬ್ಬಿ ಬಿಚ್ಚಿದಾಗ ಇಂಥ ಮಾತು ಎಷ್ಟೋ ಸಲ ಬಂದಿದೆ. ಅದರ ಮೇಲೆ ಹೇಳ್ತೀನಿ.

ಹೌದು, ನಂಬ್ತೀವಿ. ಕೊಂಬು, ಬಾಲ ಎಲ್ಲ ಸಿನಿಮಾದವರದು, ಅದನ್ನು ಬಿಡಿ. ಶುಭಸಂದೇಶದಲ್ಲಿ, ಅಂದರೆ ಬೈಬಲಿನ ಯೇಸುವಿನ ಕಥೆಯಲ್ಲಿ, ಬರುವ ಸೈತಾನ ಚೆನ್ನಾಗಿ ಮಾತಾಡುವವನು. ಮತ್ತಾಯನ 4ನೇ ಅಧ್ಯಾಯ ಓದಿ ನೋಡಿ. ಯೇಸು 40 ದಿನ ಉಪವಾಸ ಮಾಡಿ ಹಸಿದಿದ್ದಾರೆ. ಅವನು ಬಂದು, ಈ ಕಲ್ಲುಗಳನ್ನು ರೊಟ್ಟಿ ಮಾಡಿಕೊ ಅಂತಾನೆ. ಹಸಿದವನಿಗೆ ಊಟ ಮಾಡು ಅನ್ನೋದರಲ್ಲಿ ಏನು ತಪ್ಪಿದೆ ಹೇಳಿ? ಆಮೇಲೆ ದೇವಾಲಯದ ತುದಿಯಿಂದ ಧುಮುಕು ಅಂತಾನೆ. ದೇವದೂತರು ಎತ್ತಿ ಹಿಡಿಯುತ್ತಾರೆ ಅನ್ನೋದಕ್ಕೆ ಕೀರ್ತನೆಯ ಸಾಲನ್ನೇ ಆಧಾರ ಕೊಡುತ್ತಾನೆ. ಧರ್ಮಗ್ರಂಥ ಅವನಿಗೂ ಬಾಯಿಪಾಠ!

ಮಂಡಿಯಲ್ಲೂ ಅವನು ಹೀಗೇ ಬರ್ತಾನೆ. ಗಿರಾಕಿ ಒಬ್ಬ, "ಬಿಲ್ ಬ್ಯಾಡ್ರಿ, ರೇಟ್ ನೋಡಿ ಹಾಕ್ರಿ" ಅಂತಾನೆ. ಆಗ ತಲೆಯೊಳಗೆ "ಮೋಸ ಮಾಡು" ಅಂತ ಯಾರೂ ಹೇಳುವುದಿಲ್ಲ. "ಪಕ್ಕದವರು ಮಾಡ್ತಿಲ್ವಾ? ಪಾಪ, ಇವನಿಗೂ ನಾಲ್ಕು ಕಾಸು ಉಳಿಯುತ್ತೆ. ಸಾಹುಕಾರರೂ ಬೇಡ ಅನ್ನಲ್ಲ" ಅಂತ ಕೇಳಿಸುತ್ತದೆ. ಎಲ್ಲಾ ದಯೆಯ ಮಾತೇ. ನಮ್ಮಲ್ಲಿ ಶೋಧನೆ ಅನ್ನೋದು ಇದಕ್ಕೆ. ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರದಲ್ಲಿ ದಿನಾ ಬೇಡಿಕೊಳ್ಳುವುದೂ ಇದರಿಂದ ಕಾಪಾಡು ಅಂತಲೇ.

2025ರಲ್ಲಿ ಈಸ್ಟರ್‌ಗೆ ಮುಂಚಿನ ನಮ್ಮ ಉಪವಾಸದ ತಪಸ್ಸುಕಾಲ, ರಂಜಾನ್ ಎರಡೂ ಒಟ್ಟಿಗೆ ಬಂದವು. ರೋಜಾ ಮಾರ್ಚ್ 2ಕ್ಕೆ ಶುರುವಾಯಿತು, ನಮ್ಮ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಮಾರ್ಚ್ 5ಕ್ಕೆ. ದಾವಣಗೆರೆಯ ಮಾರ್ಚ್ ಬಿಸಿಲು ಗೊತ್ತಲ್ಲ. ಒಂದು ದಿನ ಸಂಜೆ ನಾಲ್ಕರ ಹೊತ್ತಿಗೆ ಲಾರಿ ತಡವಾಗಿ ಬಂತು. ಎದುರಿನ ಗಾಡಿಯಿಂದ ಮಿರ್ಚಿ ಕರಿಯುವ ವಾಸನೆ ಬೇರೆ. ತೂಕ ಹಾಕುವ ನಮ್ಮ ಭಾಯ್ ಡ್ರೈವರ್ ಮೇಲೆ ಸಿಕ್ಕಾಪಟ್ಟೆ ರೇಗಿದ. ಥಟ್ಟನೆ ಮಾತು ನಿಲ್ಲಿಸಿ, ಅಲ್ಲೇ ಚೀಲದ ಮೇಲೆ ಕೂತುಬಿಟ್ಟ. ನಿಂತಾಗ ಸಿಟ್ಟು ಬಂದರೆ ಕೂತುಕೊಳ್ಳಿ ಅಂತ ಪ್ರವಾದಿಯವರು ಹೇಳಿದ್ದಾರಂತೆ. ರಂಜಾನ್‌ನಲ್ಲಿ ಶೈತಾನರನ್ನು ಸಂಕೋಲೆಯಲ್ಲಿ ಕಟ್ಟಿ ಹಾಕಿರುತ್ತಾರೆ ಅನ್ನುವುದೂ ಹದೀಸಿನ, ಅಂದರೆ ಪ್ರವಾದಿಯವರ ನುಡಿಗಳ ಸಂಗ್ರಹದ, ಮಾತೇ. ನಾನು ತಮಾಷೆಗೆ, "ಭಾಯ್, ಈ ತಿಂಗ್ಳು ಅವನನ್ನ ಕಟ್ಟಿ ಹಾಕಿರ್ತಾರಂತಲ್ಲ, ಮತ್ತೆ ಈಗ ಬಂದಿದ್ದು ಯಾರು?" ಅಂದೆ. "ಅದೇ ಅಣ್ಣಾ ತೊಂದ್ರೆ. ಹನ್ನೊಂದು ತಿಂಗ್ಳು ಅವನ ಹೆಸ್ರು ಹೇಳಬಹುದು. ಇದು ನನ್ನ ನಫ್ಸ್, ನಂದೇ" ಅಂದ. ನಫ್ಸ್ ಅಂದರೆ ಒಳಗೇ ಕೂತು ಬೇಕು ಬೇಕು ಅನ್ನುವ ಮನಸ್ಸು.

ನಿಮ್ಮ ಪ್ರಶ್ನೆಗೆ ಅವನಿಗಿಂತ ಚೆನ್ನಾಗಿ ನಾನು ಉತ್ತರ ಹೇಳಲಾರೆ. ನೆಪ ಹೇಳುವವರು ಎಲ್ಲಾ ಕಡೆ ಇದ್ದಾರೆ, ಆದರೆ ಅವರ ಗ್ರಂಥವೇ ಅದಕ್ಕೆ ಒಪ್ಪಲ್ಲ. ಕುರಾನಿನ 14ನೇ ಅಧ್ಯಾಯದಲ್ಲಿ ತೀರ್ಪಿನ ದಿನ ಶೈತಾನನೇ ಬಾಯಿಬಿಟ್ಟು ಹೇಳುತ್ತಾನೆ: ನಿಮ್ಮ ಮೇಲೆ ನನಗೆ ಯಾವ ಅಧಿಕಾರವೂ ಇರಲಿಲ್ಲ, ನಾನು ಕರೆದೆ, ನೀವು ಬಂದಿರಿ, ನಿಮ್ಮನ್ನೇ ಬೈದುಕೊಳ್ಳಿ. ನಮ್ಮ ಬೈಬಲಿನಲ್ಲಿ ಯಾಕೋಬನ ಪತ್ರವೂ ಹಾಗೇ, ಒಬ್ಬೊಬ್ಬನನ್ನೂ ಎಳೆಯುವುದು ಅವನವನ ಆಸೆಯೇ ಅನ್ನುತ್ತದೆ. ಇನ್ನು ಅಲ್ಲಮನಂತೂ ಸೈತಾನನ ಗೊಡವೆಗೇ ಹೋಗಲಿಲ್ಲ. ಹೊನ್ನು, ಹೆಣ್ಣು, ಮಣ್ಣು ಯಾವುದೂ ಮಾಯೆಯಲ್ಲ ಅಂದು, "ಮನದ ಮುಂದಣ ಆಸೆಯೇ ಮಾಯೆ" ಅಂತ ಮುಗಿಸಿದ. ನಮ್ಮ ಮಂಡಿಯ ಲಿಂಗಾಯತ ಹಿರಿಯರೊಬ್ಬರು ಯಾವ ಚರ್ಚೆ ಬಂದರೂ ಈ ವಚನ ಎಳೆದು ತರುತ್ತಾರೆ. ನಮಗೆಲ್ಲಾ ಬಾಯಿಗೆ ಬಂದುಬಿಟ್ಟಿದೆ.

ಹಾಗಂತ ಹಿಂದೂ ಕಥೆಗಳಲ್ಲಿ ಕೇಡು ಬರೀ ಒಳಗೇ ಇದೆ ಅಂತಲೂ ಅಲ್ಲ. ಹರಿಹರದ ಕಥೆಯೇ ಇದೆಯಲ್ಲ. ಹರಿಯಿಂದಲೂ ಹರನಿಂದಲೂ ಸಾವು ಬರದ ಹಾಗೆ ಗುಹಾಸುರ ವರ ಪಡೆದ, ಅವನನ್ನು ಕೊಲ್ಲಲು ಇಬ್ಬರೂ ಒಂದೇ ಮೂರ್ತಿಯಾಗಿ ಬರಬೇಕಾಯಿತು. ಆದರೆ ಗುಹಾಸುರನನ್ನು ನಮ್ಮ ಸೈತಾನನ ಜೊತೆ ಸೇರಿಸಬೇಡಿ. ಅಸುರ ತಪಸ್ಸು ಮಾಡ್ತಾನೆ, ವರ ಪಡೀತಾನೆ, ಸೊಕ್ಕಿ ಸಾಯ್ತಾನೆ. ಕಿವಿಯಲ್ಲಿ ಪಿಸುಗುಡುವುದು ಅವನ ಕೆಲಸವಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬನ ಹೆಸರಲ್ಲಿ ಹಿಡಿಂಬೇಶ್ವರನ ಗುಡಿಯೇ ಇದೆ. ಅವನ ಹಲ್ಲು ಅಂತ ಒಂದು ಮೂಳೆಯನ್ನೂ ಇಟ್ಟಿದ್ದಾರೆ. ಸೈತಾನನ ಹೆಸರಲ್ಲಿ ಚರ್ಚ್ ಊಹಿಸಿಕೊಳ್ಳಿ ನೋಡೋಣ! ನಮ್ಮ ಲೆಕ್ಕಕ್ಕೆ ಹತ್ತಿರ ಬರುವವನು ಮಹಾಭಾರತದ ನಳನ ಕಥೆಯ ಕಲಿಪುರುಷ. ಅವನು ಹೊಂಚು ಹಾಕಿ ಕಾಯ್ತಾನೆ. ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ, ಅಷ್ಟೇ ಸಾಕಾಯಿತು. ಒಳಗೆ ಹೊಕ್ಕು ಜೂಜಿಗೆ ಕೂರಿಸಿದ. "ತಲೆಗೆ ಶನಿ ಹೊಕ್ಕೈತಿ" ಅಂತ ಜನ ಬೈಯುವಾಗಲೂ ಇಂಥದ್ದೇ ಒಂದು ಲೆಕ್ಕ ಇರುತ್ತದೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೆಲವು ಪ್ರಾರ್ಥನಾ ಕೂಟಗಳಲ್ಲಿ ಜ್ವರಕ್ಕೂ ಸೈತಾನ, ಸಾಲಕ್ಕೂ ಸೈತಾನ, ಮಗಳು ಮಂಕಾಗಿ ಕೂತರೆ ಅದಕ್ಕೂ ಸೈತಾನ. ಮಾತ್ರೆ ಬಿಡಿಸಿ ತಲೆ ಮೇಲೆ ಕೈ ಇಟ್ಟು ಕೂಗುವುದನ್ನು ಯಾವ ನಂಬಿಕೆಯ ಹೆಸರಲ್ಲೂ ನಾನು ಒಪ್ಪಲ್ಲ. ನಮ್ಮ ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ ದೆವ್ವ ಬಿಡಿಸುವ ವಿಧಿಗೆ ಬಿಷಪ್ ಅನುಮತಿ ಬೇಕೇ ಬೇಕು. ಮೊದಲು ಕಾಯಿಲೆಯೇನೋ ನೋಡಿ ಅನ್ನುವ ಎಚ್ಚರಿಕೆಯೂ ಇದೆ.

ಇನ್ನು ನಿಮ್ಮ ರೂಮ್‌ಮೇಟ್. ಲೊಯೊಲಾದ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಒಂದು ಮಾತು ಬರೆದಿಟ್ಟಿದ್ದಾರೆ: ಸೈತಾನ ಕದ್ದು ಪ್ರೀತಿಸುವವನ ಹಾಗೆ, ತಾನು ಹೇಳಿದ್ದು ಗುಟ್ಟಾಗಿರಬೇಕು ಅಂತಾನೆ, ಬಯಲಾದರೆ ಅವನ ಆಟ ಮುಗಿಯಿತು. ಹಾಗಾಗಿ ನಿಮ್ಮ ರೂಮ್‌ಮೇಟ್ ಮತ್ತೆ "ಸೈತಾನ ಮಾಡಿಸಿದ" ಅಂದರೆ ಜಗಳ ಬೇಡ. "ಸರಿ ಮಾರಾಯ, ಅವನು ನಿನಗೆ ಏನಂತ ಹೇಳಿದ?" ಅಂತ ಕೇಳಿ. ನಿಜವಾಗಿ ನಂಬುವವನಾದರೆ ಸ್ವಲ್ಪ ಯೋಚನೆ ಮಾಡಿ ಹೇಳ್ತಾನೆ. ಸುಮ್ನೆ ಹೇಳಿದ್ದಾದರೆ ನಗ್ತಾನೆ.